ಅಪ್‌ಡೇಟ್: ಆನೇಕಲ್ ಕಡೆ ನೀಲಗಿರಿ ತೋಪು ಏನ್ ಮಾಡ್ದೆ ಅಂತ

ಹೋದ್ ವರ್ಷ ಕೇಳಿದ್ನಲ್ಲಾ, ತಾತನ ಕಾಲದ ಒಂದೂವರೆ ಎಕರೆ ನೀಲಗಿರಿ ಇದೆ, ಪೂರ್ತಿ ಕಡಿಸಿ ಪಾಪ್ಲರ್ (ಪ್ಲೈವುಡ್‌ಗೆ ಬಳಸೋ ಮರ) ಹಾಕ್ಲಾ ಅಂತ. ಪಾಪ್ಲರ್ ಕೈಬಿಟ್ಟೆ. ಅದು ಪಂಜಾಬ್, ಹರಿಯಾಣದ ಚಳಿಗೆ, ನೀರಾವರಿ ಜಮೀನಿಗೆ ಸರಿ, ಹರಿಯಾಣದ ಯಮುನಾನಗರದಲ್ಲಿ ಪ್ಲೈವುಡ್ ಫ್ಯಾಕ್ಟರಿಗಳೂ ಇವೆ, ನಮ್ ಒಣ ಬೋರ್‌ವೆಲ್ ನಂಬ್ಕೊಂಡು ಆಗೋ ಮಾತಲ್ಲ. ಹೊಸದಾಗಿ ನೀಲಗಿರಿ ನೆಡೋಕೂ 2017ರಿಂದ ನಮ್ ರಾಜ್ಯದಲ್ಲಿ ನಿಷೇಧ ಇದೆ.

ಅದಕ್ಕೇ ಒಂದ್ ಸಾಲು ಬಿಟ್ಟು ಒಂದ್ ಸಾಲು ಕಡಿಸಿ, ಕಡಿಸಿದ್ರಲ್ಲಿ ಅರ್ಧ ಜಾಗದ ಬೊಡ್ಡೆ ಕಿತ್ತು ಹೆಬ್ಬೇವು (ಇದೂ ಪ್ಲೈವುಡ್‌ಗೆ ಆಗೋ, ಬೇಗ ಬೆಳೆಯೋ ಮರ) ಹಾಕಿದೀನಿ. ಪ್ಲೈವುಡ್‌ನೋರಿಗೆ ಗಂಟಿಲ್ದೇ ಇರೋ ನೆಟ್ಟಗಿನ ಕಾಂಡ ಬೇಕಂತೆ, ಹಂಗಾಗಿ ವಾರವಾರ ಹೋಗಿ ಪಕ್ಕದ ಚಿಗುರು ಚಿವುಟೋದೇ ಕೆಲ್ಸ. ಉಳಿದ ಬೊಡ್ಡೆಗಳನ್ನ ಕೂಳೆ ಬಿಟ್ಟೆ, ಅಂದ್ರೆ ಕೀಳದೇ ಮತ್ತೆ ಚಿಗುರೋಕೆ ಬಿಟ್ಟೆ, ನೆಲದ ಹತ್ರಾನೇ, ನೀರು ನಿಲ್ದಿರೋ ಹಂಗೆ ಓರೆಯಾಗಿ ಕಡಿಸಿದ್ದೆ, ಒಂದೊಂದರಲ್ಲೂ ಏಳೆಂಟು ಚಿಗುರು ಬಂತು, ಗಟ್ಟಿಯಾಗಿರೋ ಎರಡು ಬಿಟ್ಟು ಮಿಕ್ಕಿದ್ದು ಸವರಿಬಿಟ್ಟೆ, ಮುಂದೆ ಸೌದೆಗೆ ಆಗತ್ತೆ.

ಸೌದೇಲಿ ಮಾತ್ರ ಪೆಟ್ಟು ತಿಂದೆ. ನೀಲಗಿರಿ ಹಸೀಲೇ ಸೀಳ್ಬೇಕು, ಒಣಗಿದ್ಮೇಲೆ ಕೊಡಲಿ ಎಗರುತ್ತೆ ಅಂತ ನೀವೆಲ್ಲ ಹೇಳಿದ್ರಿ, ನಾನು ಕೇಳ್ಲಿಲ್ಲ, ಎರಡ್ ಕೊಡಲಿ ಕಾವು ಮುರೀತು!

ಒಂದು ಒಣ ಮರ ಇತ್ತು, ಅಪ್ಪ ಕಡೀಬೇಡ ಕಣೋ ಅಂದ್ರು. ಈಗ ಅದ್ರಲ್ಲಿ ಕುಟ್ರು ಹಕ್ಕಿ ಬಿಲ ಕೊರೆದಿದೆ, ದುಂಡಗೆ, ನಿಂಬೆಹಣ್ಣು ತೂರೋ ಅಷ್ಟು, ಬುಡದಲ್ಲೆಲ್ಲಾ ಮರದ ಹೊಟ್ಟು.