ಹೊಸ ಹಿತ್ತಾಳೆ ಚಿಲಕ, ಹಿಡಿಗಳಿಗೆ ಹಳೇ ಬಣ್ಣ ಬರಿಸೋದು ಹೇಗೆ?

ಅಗ್ರಹಾರದ ಮನೆ:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಅಗ್ರಹಾರದಲ್ಲಿ ನಮ್ಮ ಅತ್ತೆ ಮಾವನವರ ಕಾಲದ ಮನೆ ಇದೆ. ಬಾಗಿಲುಗಳೆಲ್ಲ ತೇಗದವು. ಚಿಲಕ, ಕೀಲು, ಹಿಡಿ ಎಲ್ಲಾ ಹಿತ್ತಾಳೆ. ಕೈ ತಾಗಿ ತಾಗಿ ಒಳ್ಳೇ ಕಂದು ಬಣ್ಣಕ್ಕೆ ತಿರುಗಿವೆ. ಅದರಲ್ಲಿ ಕೆಲವು ಮುರಿದುಹೋಗಿದ್ದಕ್ಕೆ ಹೊಸದು ತಂದೆವು. ಹಾಕಿ ನೋಡಿದರೆ ಪಳಪಳ ಹೊಳೆಯುತ್ತೆ, ಹಳೇದರ ಪಕ್ಕ ಒಂಚೂರೂ ಹೊಂದಲ್ಲ. ಹಳೇದನ್ನೂ ಉಜ್ಜಿ ಹೊಳಪು ಮಾಡಿ ಅಂತ ಅಂಗಡಿಯವರು ಹೇಳಿದರು, ಅದಕ್ಕೆ ನನಗೆ ಮನಸ್ಸಿಲ್ಲ. ಅಷ್ಟು ವರ್ಷ ತಗೊಂಡು ಬಂದ ಬಣ್ಣ ಅದು, ಒಂದು ಗಂಟೇಲಿ ತೆಗೆದುಬಿಟ್ಟರೆ ಮತ್ತೆ ಬರುತ್ತಾ?

ಆ್ಯಂಟಿಕ್ ಫಿನಿಶ್ ಅಂತ ಮಾರುವುದನ್ನೂ ನೋಡಿದೆ. ಬರೀ ಕಪ್ಪು ಬಳಿದ ಹಾಗಿದೆ, ಉಗುರಲ್ಲಿ ಕೆರೆದರೆ ಬರುತ್ತೆ. ಬೇಯಿಸಿದ ಮೊಟ್ಟೆ ಜೊತೆ ಡಬ್ಬದಲ್ಲಿ ಮುಚ್ಚಿಟ್ಟರೆ ಕಪ್ಪಾಗುತ್ತೆ ಅಂತ ಒಬ್ಬರು ಹೇಳಿದರು. ನಿಜವಾ? ಮನೆಯಲ್ಲೇ ಮಾಡಬಹುದಾದ, ನಿಜವಾಗಿ ನಿಲ್ಲುವ ದಾರಿ ಯಾರಿಗಾದರೂ ಗೊತ್ತಾ?

ಹಳೇಸಾಮಾನು:

ಹಳೇದನ್ನು ಉಜ್ಜಬೇಡಿ ಮೇಡಂ, ನಿಮ್ಮ ಮನಸ್ಸು ಹೇಳಿದ್ದೇ ಸರಿ.

ಮೊದಲು ಹೊಸದು ನಿಜವಾದ ಹಿತ್ತಾಳೆಯಾ ನೋಡಿ. ಆಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ಅಂಟಲಿಲ್ಲ ಅಂದ ಮಾತ್ರಕ್ಕೆ ಹಿತ್ತಾಳೆ ಅಂತಲ್ಲ, ಸತುವಿನಲ್ಲಿ ಎರಕ ಹೊಯ್ದು ಮೇಲೆ ಲೇಪ ಕೊಟ್ಟ ಮಾಲು ಈಗ ಜಾಸ್ತಿ, ಅದಕ್ಕೂ ಆಯಸ್ಕಾಂತ ಅಂಟಲ್ಲ. ಹಿಂಭಾಗದಲ್ಲಿ ಕಾಣದ ಕಡೆ ಅರದಿಂದ ಒಂದು ಸಲ ಉಜ್ಜಿ. ಒಳಗೂ ಹಳದಿ ಇದ್ದರೆ ಹಿತ್ತಾಳೆ. ಬೂದು ಬಿಳಿ ಕಂಡರೆ ಮುಂದಿನ ಕೆಲಸ ಯಾವುದೂ ಬೇಡ, ವಾಪಸ್ ಕೊಟ್ಟುಬಿಡಿ.

ಹಿತ್ತಾಳೆಯೇ ಆದರೂ ಹೊಸ ಮಾಲಿನ ಮೇಲೆ ಸಾಮಾನ್ಯವಾಗಿ ಲ್ಯಾಕರ್ ಇರುತ್ತೆ. ಕಣ್ಣಿಗೆ ಕಾಣದ ತೆಳು ಪದರ, ಬಣ್ಣ ಕೆಡದಿರಲಿ ಅಂತಲೇ ಹಾಕಿರುತ್ತಾರೆ. ಅದು ಇರುವ ತನಕ ನೀವು ಏನು ಮಾಡಿದರೂ ಹಿತ್ತಾಳೆಗೆ ತಾಗಲ್ಲ. ಅಸಿಟೋನ್ ಅಥವಾ ಎನ್‌ಸಿ ಥಿನ್ನರ್‌ನಲ್ಲಿ ನೆನೆಸಿ, ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ತಿಕ್ಕಿ. ಗಟ್ಟಿ ಲ್ಯಾಕರ್ ಆದರೆ ಪೇಂಟ್ ರಿಮೂವರ್ ಬೇಕಾಗುತ್ತೆ. ಒಲೆ ಹತ್ತಿರ ಮಾತ್ರ ಮಾಡಬೇಡಿ, ಅಸಿಟೋನ್, ಥಿನ್ನರ್ ಎರಡಕ್ಕೂ ಬೆಂಕಿ ಥಟ್ಟನೆ ಹತ್ತುತ್ತೆ. ಆಮೇಲೆ ಸೋಪು ನೀರಲ್ಲಿ ತೊಳೆದು ಒರೆಸಿ. ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಇರುವ ಕಡೆ ಬಣ್ಣ ಕೂರಲ್ಲ.

ಇನ್ನು ಬಣ್ಣ. ನನ್ನ ಆಯ್ಕೆ ಅಮೋನಿಯಾ ಆವಿ. ಬಿಗಿಯಾದ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿ ಗಾಜಿನ ಬಟ್ಟಲಿಟ್ಟು ಸ್ವಲ್ಪ ಅಮೋನಿಯಾ ಹುಯ್ಯಿರಿ. ಚಿಲಕಗಳನ್ನು ನೈಲಾನ್ ದಾರದಲ್ಲಿ ಕಟ್ಟಿ, ದ್ರವಕ್ಕೂ ಒಂದಕ್ಕೊಂದಕ್ಕೂ ತಾಗದ ಹಾಗೆ ಮೇಲೆ ನೇತುಹಾಕಿ ಮುಚ್ಚಿ. ಕೆಲವು ಗಂಟೆಯಲ್ಲಿ ಹಳದಿ ಮಂಕಾಗುತ್ತೆ, ರಾತ್ರಿಯೆಲ್ಲಾ ಬಿಟ್ಟರೆ ಕಂದು ಬರುತ್ತೆ. ಆಗಾಗ ನೋಡುತ್ತಿರಿ. ಹಳೇದಕ್ಕಿಂತ ಒಂದು ಛಾಯೆ ಜಾಸ್ತಿ ಕಪ್ಪಾದಾಗ ತೆಗೆಯಿರಿ, ಯಾಕೆಂದರೆ ಆಮೇಲೆ ಉಜ್ಜುವುದಿದೆ.

ಆ ಉಜ್ಜುವುದರಲ್ಲೇ ನಿಜವಾದ ಕೆಲಸ ಇರುವುದು. ಹಳೇ ಚಿಲಕವನ್ನು ಕೈಯಲ್ಲಿ ಹಿಡಿದು ಚೆನ್ನಾಗಿ ನೋಡಿ. ಬೆರಳು ಹಿಡಿಯುವ ಕಡೆ, ಅಂಚುಗಳಲ್ಲಿ, ಸರಿದಾಡುವ ಕಡೆ ತಿಳಿಯಾಗಿರುತ್ತೆ, ಮೂಲೆ ಸಂದಿಗಳಲ್ಲಿ ಕಪ್ಪು ಕೂತಿರುತ್ತೆ. ಅದೇ ಜಾಗಗಳನ್ನು ಹೊಸದರಲ್ಲೂ ಸೊನ್ನೆ ಸೊನ್ನೆ ನಂಬರಿನ ಸಣ್ಣ ಸ್ಟೀಲ್ ವುಲ್‌ನಲ್ಲಿ ಹಗುರವಾಗಿ ಉಜ್ಜಿ. ಎಲ್ಲಾ ಕಡೆ ಒಂದೇ ಸಮ ಕಂದು ಇದ್ದರೆ ಬಣ್ಣ ಹೊಡೆದ ಹಾಗೇ ಕಾಣುತ್ತೆ. ಕೊನೆಗೆ ಜೇನುಮೇಣದ ಪಾಲಿಶ್ ತೆಳ್ಳಗೆ ಹಚ್ಚಿ ಬಟ್ಟೆಯಲ್ಲಿ ತಿಕ್ಕಿ.

ಮೊಟ್ಟೆ ವಿಷಯ: ಬೇಯಿಸಿದ ಮೊಟ್ಟೆಯಿಂದ ಬರುವ ಗಂಧಕದ ಗಾಳಿ ಬೆಳ್ಳಿಯನ್ನು ಬೇಗ ಕಪ್ಪು ಮಾಡುತ್ತೆ. ಹಿತ್ತಾಳೆ ಅಷ್ಟು ಬೇಗ ಜಗ್ಗಲ್ಲ.

ಕೆಮಿಸ್ಟ್ರಿ_ಮಂಡ್ಯ:

ಮೇಲಿನವರು ಹೇಳಿದ ಕ್ರಮ ಸರಿಯಾಗಿದೆ, ಎರಡು ಎಚ್ಚರಿಕೆ ಸೇರಿಸಲೇಬೇಕು.

ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಲಿಕ್ಕರ್ ಅಮೋನಿಯಾ, ಅಂದರೆ ನೀರಲ್ಲಿ ಕರಗಿಸಿದ ಅಮೋನಿಯಾ, ಸುಮಾರು 25ರಿಂದ 30 ಪರ್ಸೆಂಟ್ ಇರುತ್ತೆ. ಮುಚ್ಚಳ ತೆಗೆದ ಕೂಡಲೇ ಕಣ್ಣು, ಗಂಟಲಿಗೆ ಹೊಡೆಯುತ್ತೆ. ಬಚ್ಚಲಲ್ಲಿ ಮಾಡಲೇಬೇಡಿ, ತಾರಸಿ ಅಥವಾ ಹಿತ್ತಲಲ್ಲಿ ಮಾಡಿ. ಗ್ಲೌಸ್, ಕನ್ನಡಕ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ. ಬ್ಲೀಚ್ ಬಾಟಲಿ ಹತ್ತಿರಕ್ಕೂ ತರಬೇಡಿ, ಎರಡೂ ಸೇರಿದರೆ ವಿಷದ ಗಾಳಿ ಬರುತ್ತೆ.

ಎರಡನೆಯದು ತುಂಬಾ ಜನಕ್ಕೆ ಗೊತ್ತಿರಲ್ಲ. ಹಿತ್ತಾಳೆ ಅಂದರೆ ತಾಮ್ರ, ಸತು. ಬಡಿದು ಬಗ್ಗಿಸಿದಾಗ ಒಳಗೆ ಬಿಗಿತ ಉಳಿದ ಹಿತ್ತಾಳೆಗೆ ಅಮೋನಿಯಾ ತಾಗಿದರೆ ಸೀಳು ಬಿಡುತ್ತೆ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ, ಕುದುರೆ ಲಾಯದ ಬಳಿ ಇಟ್ಟ ಬಂದೂಕಿನ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವಾಗೇ ಬಿರುಕು ಬಿಡುತ್ತಿದ್ದವು. ಕುದುರೆ ಗಂಜಲದ ಅಮೋನಿಯಾ ಅದಕ್ಕೆ ಕಾರಣ ಅಂತ 1921ರಲ್ಲಿ ಸ್ಪಷ್ಟವಾಯಿತು. ದಪ್ಪ ಎರಕದ ಚಿಲಕ, ಹಿಡಿಗೆ ಒಂದು ರಾತ್ರಿಯ ಆವಿಯಿಂದ ಅಷ್ಟು ಹೆದರಬೇಕಿಲ್ಲ. ಆದರೆ ತೆಳು ತಗಡನ್ನು ಬಡಿದು ಬಗ್ಗಿಸಿ ಮಾಡಿದ್ದು, ಸ್ಪ್ರಿಂಗ್, ಬೀಗದ ಒಳಭಾಗ ಇವನ್ನು ಡಬ್ಬದೊಳಗೆ ಇಡಬೇಡಿ. ಕೆಲಸ ಆದಮೇಲೆ ಚೆನ್ನಾಗಿ ತೊಳೆದು ಒಣಗಿಸಿ.

ಹೇಮಾವತಿ ನಾಲೆ:

ಇಷ್ಟೆಲ್ಲಾ ಯಾಕೆ ಅಂತ ನನ್ನ ಅಭಿಪ್ರಾಯ. ಲ್ಯಾಕರ್ ತೆಗೆದು ಸುಮ್ನೆ ಬಾಗಿಲಿಗೆ ಹಾಕಿ ಬಿಡಿ. ದಿನಾ ಹತ್ತು ಜನ ಮುಟ್ಟುವ ಚಿಲಕ ತಾನಾಗೇ ಮಂಕಾಗುತ್ತೆ, ಆ ಬಣ್ಣಕ್ಕೆ ಸಮ ಯಾವುದೂ ಇಲ್ಲ. ಉಪ್ಪು, ವಿನೆಗರ್ ಹಚ್ಚಿ ಅಂತ ಕೆಲವರು ಹೇಳುತ್ತಾರೆ. ಅದರಲ್ಲಿ ಹಸಿರು ಕಿಲುಬು ಬರುತ್ತೆ, ಅಲಂಕಾರದ ಸಾಮಾನಿಗೆ ಚೆಂದ, ಕೈಗೆ ಹತ್ತುವ ಚಿಲಕಕ್ಕೆ ಬೇಡ.

ಇನ್ನೊಂದು ಮಾತು. ನಮ್ಮ ಮಂಡ್ಯ ಜಿಲ್ಲೆಯ ನಾಗಮಂಗಲ ಲೋಹದ ಕೆಲಸಕ್ಕೆ ಹೆಸರಾದ ಊರು, ವಿಗ್ರಹ ಎರಕ ಹೊಯ್ಯುವವರು ಅಲ್ಲಿದ್ದಾರೆ. ಮುರಿದ ಚಿಲಕದ ಜೋಡಿ ಚೆನ್ನಾಗಿದ್ದರೆ ಅದನ್ನೇ ಮಾದರಿಗೆ ಕೊಟ್ಟು ಹೊಸದು ಹೊಯ್ದು ಕೊಡುತ್ತಾರಾ ಕೇಳಿ. ಆಕಾರವೇ ಬೇರೆ ಇದ್ದರೆ ಬಣ್ಣ ಎಷ್ಟು ಹೊಂದಿದರೂ ಕಣ್ಣಿಗೆ ಚುಚ್ಚುತ್ತೆ ಅಲ್ವಾ. ಎರಕದ್ದಕ್ಕೆ ಲ್ಯಾಕರ್ ಗೋಳೂ ಇರಲ್ಲ.

ಅಗ್ರಹಾರದ ಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆಯಸ್ಕಾಂತ ಹಿಡಿದು ನೋಡಿದೆ. ಚಿಲಕ, ಹಿಡಿಗಳಿಗೆ ಅಂಟಲಿಲ್ಲ, ಹಿಂದೆ ಉಜ್ಜಿದರೆ ಹಳದಿಯೇ ಇದೆ. ಜೊತೆಗೆ ಕೊಟ್ಟ ಸ್ಕ್ರೂಗಳು ಮಾತ್ರ ಅಂಟಿದವು! ದೇವರ ಕೋಣೆ ಬಾಗಿಲಿನ ಚಿಲಕದ ಜೋಡಿ ಸರಿಯಾಗಿದೆ, ಅದನ್ನು ನಾಗಮಂಗಲಕ್ಕೆ ತಗೊಂಡು ಹೋಗಿ ಕೇಳುತ್ತೇವೆ. ಉಳಿದದ್ದಕ್ಕೆ ಅಮೋನಿಯಾ, ತಾರಸಿ ಮೇಲೆ. ಸ್ಕ್ರೂಗೆ ಏನು ಮಾಡಲಿ?

ಹಳೇಸಾಮಾನು:

ಅವನ್ನು ಬಿಸಾಕಬೇಡಿ, ಬೇಕಾಗುತ್ತೆ. ಅದೇ ಅಳತೆಯ ಹಿತ್ತಾಳೆ ಸ್ಕ್ರೂ ತನ್ನಿ, ಸ್ಟಾರ್ ತಲೆಯದಲ್ಲ, ಒಂದೇ ಗೀಟಿನದು, ಹಳೇ ಬಾಗಿಲಲ್ಲಿ ಇರುವುದು ಅದೇ. ಚಿಲಕದ ಜೊತೆಗೇ ಡಬ್ಬದಲ್ಲಿಟ್ಟು ಬಣ್ಣ ಬರಿಸಿ. ಹಿತ್ತಾಳೆ ಮೆದು, ತೇಗಕ್ಕೆ ನೇರವಾಗಿ ತಿರುಗಿಸಿದರೆ ತಲೆ ಕಿತ್ತುಬರುತ್ತೆ. ಸಣ್ಣ ತೂತು ಕೊರೆದು, ಮೊದಲು ಈ ಕಬ್ಬಿಣದ ಸ್ಕ್ರೂ ತಿರುಗಿಸಿ ದಾರಿ ಮಾಡಿ ತೆಗೆಯಿರಿ. ಆಮೇಲೆ ಹಿತ್ತಾಳೆಯದಕ್ಕೆ ಸ್ವಲ್ಪ ಮೇಣ ಸವರಿ ಕೈಯಲ್ಲೇ ತಿರುಗಿಸಿ, ಡ್ರಿಲ್ ಮೆಷಿನ್ ಬೇಡ.

ಮತ್ತೆ ಮನೆ ಕೆಲಸಕ್ಕೆ ಬರುವವರಿಗೆ ಮೊದಲೇ ಹೇಳಿಡಿ. ಹಬ್ಬ ಬಂತು ಅಂತ ಹುಣಸೆಹಣ್ಣು, ಪೀತಾಂಬರಿ ಹಾಕಿ ಒಂದು ಸಲ ತಿಕ್ಕಿದರೆ ಹೊಸದರ ಬಣ್ಣವೂ ಹೋಗುತ್ತೆ, ಹಳೇದರದ್ದೂ ಹೋಗುತ್ತೆ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.