ಐದು ಸಿಟ್ಟಿಂಗ್, ನೂರೆಂಟು ಮಾತು

ನಮ್ಮ ಹತ್ತನೇ ಕ್ಲಾಸಿನ ಗುಂಪಿನಲ್ಲಿ ಕೊಡವರಿದ್ದಾರೆ, ಗೌಡರಿದ್ದಾರೆ, ಮಾಪಿಳ್ಳೆಯರಿದ್ದಾರೆ, ತುಳುವರಿದ್ದಾರೆ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಭಾಷೆ, ಜಗಳ ಮಾತ್ರ ಕನ್ನಡದಲ್ಲಿ. ಎಲ್ಲರಿಗೂ ಅರವತ್ತು ದಾಟಿದೆ. ಹಾಗಾಗಿ ಬರುವ ಫಾರ್ವರ್ಡ್‌ಗಳಲ್ಲಿ ಅರ್ಧ ಮಂಡಿನೋವು, ಉಳಿದರ್ಧ ಕಾಫಿ ರೇಟು. ನಾನು ಅಡ್ಮಿನ್, ಅಂದರೆ ಎರಡೂ ಕಡೆಯಿಂದ ಬೈಸಿಕೊಳ್ಳುವವನು.

ಮೊನ್ನೆ ಬೆಳ್ಳಂಬೆಳಿಗ್ಗೆ ಲೋಕೇಶ ಹಾಕಿದ್ದು ಇದು:

«ಇಂಗ್ಲೆಂಡ್ ಡಾಕ್ಟರುಗಳ ಪವಾಡ! ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಇನ್ನು ಆಪರೇಷನ್ ಬೇಡ!! ಐದೇ ಸಲ ರೇಡಿಯೇಶನ್, 96% ಗುಣ. ಸೈಡ್ ಎಫೆಕ್ಟ್ ಸೊನ್ನೆ. ಪುಣ್ಯ ಬೇಕಾದರೆ ಹತ್ತು ಜನಕ್ಕೆ ಕಳಿಸಿ.»

ಗಣಪತಿ: ಸೋರ್ಸ್?

ಲೋಕೇಶ: ಇಂಗ್ಲೆಂಡ್.

ಗಣಪತಿ: ಅದು ಸೋರ್ಸ್ ಅಲ್ಲ, ದೇಶ.

ಗಣಪತಿ ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವನು. ಸಹಿ ಇಲ್ಲದ ಯಾವುದನ್ನೂ ನಂಬುವುದಿಲ್ಲ.

ಪೂಣಚ್ಚ: ಐದು ಸಲ ಕರೆಂಟ್ ಕೊಡ್ತಾರಾ? ನಮ್ಮ ತೋಟದ ಮನೆಗೆ ಮೂರು ದಿನದಿಂದ ಒಂದು ಸಲವೂ ಕೊಟ್ಟಿಲ್ಲ ಮಾರಾಯ.

ಆಮೇಲೆ ಮೇಷ್ಟ್ರು ಬಂದರು. ನಮಗೆ ಕನ್ನಡ ಕಲಿಸಿದವರು ಅಂತ ಗೌರವಕ್ಕೆ ಸೇರಿಸಿದ್ದೆವು.

ಮೇಷ್ಟ್ರು: ಮಕ್ಕಳೇ, ರೋಗ ಬಂದ ಮೇಲೆ ಮದ್ದು ಹುಡುಕುವುದಲ್ಲ, ಬರದ ಹಾಗೆ ಬದುಕಬೇಕು. ನೀವೆಲ್ಲ ಗೇಟಿನ ತನಕ ಹೋಗಲೂ ಸ್ಕೂಟರ್ ಹತ್ತುವವರು. ಹಂದಿ, ಬ್ರಾಂದಿ ಎರಡನ್ನೂ ಕಡಿಮೆ ಮಾಡಿ.

ಪೂಣಚ್ಚ: ಮೇಷ್ಟ್ರೇ, ರಿಯೂನಿಯನ್‌ನಲ್ಲಿ ಪಂದಿಕರಿ ಎರಡನೇ ಸಲ ಹಾಕಿಸಿಕೊಂಡದ್ದು ಯಾರು?

ಮೇಷ್ಟ್ರು ಕೈ ಮುಗಿಯುವ ಚಿತ್ರ ಹಾಕಿದರು. ಆದರೆ ರಿಯೂನಿಯನ್ ಅನ್ನುವ ಮಾತು ಬಂತಲ್ಲ, ಬೆಂಕಿ ಹತ್ತಲು ಅಷ್ಟು ಸಾಕು.

ಗಣಪತಿ: ಆ ಊಟದ ಬಿಲ್ ಇನ್ನೂ ಬಂದಿಲ್ಲ.

ಲೋಕೇಶ: ಬಂತು ನೋಡಿ! ಕ್ಯಾನ್ಸರ್ ವಿಷಯದಲ್ಲೂ ಇವನಿಗೆ ಬಿಲ್ಲೇ ಬೇಕು.

ಗಣಪತಿ: 2018ರ ಮಳೆಯಲ್ಲಿ ಡ್ಯಾಮ್ ಒಡೆಯಿತು ಅಂತ ಹಾಕಿ ನಮ್ಮ ಅತ್ತೆಯನ್ನು ರಾತ್ರೋರಾತ್ರಿ ಗುಡ್ಡ ಹತ್ತಿಸಿದವನು ನೀನೇ ಅಲ್ವಾ?

ಲೋಕೇಶ: ಹಾಕಿ ಫೈನಲ್‌ನಲ್ಲಿ ಪಾಸ್ ಕೊಡದೆ ಬಾಲ್ ಔಟ್ ಮಾಡಿದವನು ನೀನು!

ಹಾಕಿ ಅಂದರೆ ಪೂಣಚ್ಚನಿಗೆ ಇನ್ನೇನು ಬೇಕು. ಕೆಸರು ಗ್ರೌಂಡು, ಒಬ್ಬರಿಗೊಬ್ಬರು ಸಾಲ ಕೊಟ್ಟ ಸ್ಟಿಕ್ಕು, ಮ್ಯಾಚ್ ಮುಗಿದ ಮೇಲೆ ಬಸ್‌ಸ್ಟ್ಯಾಂಡ್ ಹತ್ತಿರ ತಿಂದ ಪರೋಟ ಅಂತ ಉದ್ದಕ್ಕೆ ಬರೆದ. ಹದಿನೇಳು ಜನ ಹಾರ್ಟ್ ಒತ್ತಿದರು. ಫಾರ್ವರ್ಡ್ ಎಲ್ಲೋ ಮೇಲೆ ಹೋಗಿಬಿಟ್ಟಿತು.

ಈ ಗದ್ದಲದ ನಡುವೆ ಹಂಸ ಒಂದು ಮೆಸೇಜ್ ಹಾಕಿದ್ದ. ವರ್ಷಕ್ಕೆರಡು ಸಲ ಹಬ್ಬಕ್ಕೆ ಶುಭಾಶಯ ಹೇಳುವುದು ಬಿಟ್ಟರೆ ಬಾಯಿ ಬಿಡದವನು.

ಹಂಸ: ನನಗೆ ಇಪ್ಪತ್ತು ಸಿಟ್ಟಿಂಗ್ ಅಂದಿದ್ದಾರೆ, ಮೈಸೂರಲ್ಲಿ. ಹರಡಿಲ್ಲವಂತೆ. ಐದು ಆಗುತ್ತಾ ಅಂತ ಕೇಳಬಹುದಾ?

ಅದರ ಕೆಳಗೇ ಗಣಪತಿ, «ಬಾಲ್ ಔಟ್ ಮಾಡಿದ್ದು ನಾನಲ್ಲ, ಬೋಪಯ್ಯ» ಅಂತ ಹಾಕಿದ. ನಾನೂ ಬೋಪಯ್ಯನ ಉತ್ತರವನ್ನೇ ಕಾಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಹಂಸನ ಮೆಸೇಜ್ ಓದಿದ್ದು ಮುತ್ತಮ್ಮ ಒಬ್ಬಳೇ. ಕ್ಯಾನ್ಸರ್ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದ ನರ್ಸ್. ಉದ್ದದ ಉತ್ತರ ಬರೆದಳು, ಒಂದೂ ಇಮೋಜಿ ಇಲ್ಲದೆ:

«ಹಂಸ, ಖಂಡಿತ ಕೇಳು. ಲೋಕೇಶ ಹಾಕಿದ್ದರಲ್ಲಿ ಅರ್ಧ ನಿಜ. ಅದು ಪೇಸ್-ಬಿ ಅನ್ನುವ ಟ್ರಯಲ್. 2024ರ ಅಕ್ಟೋಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಇಂಗ್ಲೆಂಡ್ ಕಡೆಯವರು, ಐರ್ಲೆಂಡ್, ಕೆನಡಾದವರು ಸೇರಿ 874 ಗಂಡಸರು. ಹೋಲಿಸಿದ್ದು ಆಪರೇಷನ್ ಜೊತೆ ಅಲ್ಲ, ಹಳೇ ರೀತಿಯ ರೇಡಿಯೇಶನ್ ಜೊತೆ. ಒಂದು ಗುಂಪಿಗೆ ನಾಲ್ಕು ವಾರ ಅಥವಾ ಎಂಟು ವಾರದ ಹತ್ತಿರ, ಇನ್ನೊಂದು ಗುಂಪಿಗೆ ಗುರಿಯಿಟ್ಟು ಜೋರು ಡೋಸಿನಲ್ಲಿ ಐದೇ ಸಲ, ಒಂದೆರಡು ವಾರದೊಳಗೆ. ಐದು ವರ್ಷ ಕ್ಯಾನ್ಸರ್ ಮರುಕಳಿಸದೆ ಇದ್ದವರು ಐದು ಸಲದವರಲ್ಲಿ 95.8%, ಹಳೇ ರೀತಿಯಲ್ಲಿ 94.6%. ಅಂದರೆ ಹೊಸದು ಹಳೆಯದಕ್ಕಿಂತ ಕಡಿಮೆಯಿಲ್ಲ, ಅಷ್ಟೇ. ಸೈಡ್ ಎಫೆಕ್ಟ್ ಸೊನ್ನೆ ಅನ್ನೋದು ಸುಳ್ಳು. ಐದು ವರ್ಷದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಮೂತ್ರದ ತೊಂದರೆ ಆದವರು ಐದು ಸಲದವರಲ್ಲೇ ಜಾಸ್ತಿ, 26.9%. ಇನ್ನೊಂದರಲ್ಲಿ 18.3%.

ಅವರೆಲ್ಲ ಕಡಿಮೆ ಅಥವಾ ಮಧ್ಯಮ ಅಪಾಯದ ಕೇಸು, ಹಾರ್ಮೋನ್ ಇಂಜೆಕ್ಷನ್ ಇಲ್ಲದವರು. ನಿನಗೆ ಅದನ್ನು ಬರೆದಿದ್ದರೆ ಲೆಕ್ಕ ಬೇರೆ. ಪಿಎಸ್‌ಎ (ರಕ್ತ ಪರೀಕ್ಷೆಯದು), ಗ್ಲೀಸನ್ (ಬಯಾಪ್ಸಿ ನೋಡಿ ಕೊಡುವ ಅಂಕ) ಎಷ್ಟು ಅಂತ ಕೇಳಿ ಬರೆದುಕೊ. ಈಗಲೇ ಮೂತ್ರ ಕಟ್ಟುತ್ತಿದ್ದರೆ ಮುಚ್ಚಿಡಬೇಡ. ಪ್ರತಿ ಸಲ ನೀರು ಕುಡಿಸಿ, ಮೂತ್ರಕೋಶ ತುಂಬಿಸಿ ಮಲಗಿಸುತ್ತಾರೆ. ಗುರಿ ತಪ್ಪಬಾರದು ಅಂತ ಕೆಲವರಿಗೆ ಒಳಗೆ ಚಿನ್ನದ ಕಾಳು ಇಡುತ್ತಾರೆ.»

ಪೂಣಚ್ಚ: ಚಿನ್ನವಾ? ಎಷ್ಟು ಗ್ರಾಂ?

ಮುತ್ತಮ್ಮ: ಅಕ್ಕಿಕಾಳಿನಷ್ಟು. ನಿನ್ನ ಸಾಲ ತೀರುವುದಿಲ್ಲ.

ಬೋಪಯ್ಯ: ಬಾಲ್ ಔಟ್ ಮಾಡಿದ್ದು ನಾನು ಅಂದವನು ಯಾರು?

ಲೋಕೇಶ ಗೆದ್ದವನ ಹಾಗೆ ಬಂದ. «ನನ್ನ ಫಾರ್ವರ್ಡ್ ಇಲ್ಲದಿದ್ದರೆ ಹಂಸ ಬಾಯಿ ಬಿಡುತ್ತಿದ್ದನಾ?» ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ, ಅದೇ ಸಿಟ್ಟು. ನನಗೆ ಕಂಡದ್ದು ಬೇರೆ. ಇಂಗ್ಲೆಂಡಿನಲ್ಲಿ ಹೇಗೋ ಏನೋ, ಇಪ್ಪತ್ತಕ್ಕೂ ಐದಕ್ಕೂ ಇರುವ ವ್ಯತ್ಯಾಸ ವಿರಾಜಪೇಟೆಯವನಿಗೆ ಚೆನ್ನಾಗಿ ಗೊತ್ತು. ಒಂದು ಮೈಸೂರಿನಲ್ಲಿ ತಿಂಗಳು ರೂಮು ಹಿಡಿದು, ತೋಟ ಬೇರೆಯವರ ಕೈಗೆ ಬಿಟ್ಟು ಹೋಗುವುದು. ಇನ್ನೊಂದು ಅಳಿಯನ ಕಾರಿನಲ್ಲಿ ಹೋಗಿ ಬಂದು ಮುಗಿಸುವುದು.

ರಾತ್ರಿ ಗಣಪತಿ ಬರೆದ.

ಗಣಪತಿ: ಹಂಸ, ಸೋಮವಾರ ನಾನೂ ಮೈಸೂರಿಗೆ ಹೋಗ್ತಿದ್ದೇನೆ. ಕಾರಲ್ಲಿ ಸೀಟ್ ಉಂಟು. ರಿಪೋರ್ಟ್ ಎಲ್ಲ ಫೈಲ್ ಮಾಡಿ ತಗೊಂಡು ಬಾ, ಡೇಟ್ ಪ್ರಕಾರ.

ಲೋಕೇಶ: ಪೆಟ್ರೋಲಿಗೆ ಬಿಲ್ ಕೊಡ್ತಾನೆ, ಹುಷಾರ್.