ಹೊಸ ಫೋನಿನ ಮೇಲ್ ಆ್ಯಪ್‌ನಲ್ಲಿ ಲಾಗಿನ್ ಆಗುತ್ತಿಲ್ಲ, ನೀವೆಲ್ಲ ಏನು ಮಾಡಿದಿರಿ?

ಹೊಸಫೋನ್_ತಲೆನೋವು:
ಫೋನ್ ಬದಲಾಯಿಸಿದೆ. ಅದೇ ದಿನ ಮೇಲ್ ಪಾಸ್‌ವರ್ಡ್‌ಗಳನ್ನೂ ಬದಲಾಯಿಸಿದೆ. ಎರಡು ಖಾತೆ ಇವೆ. ಒಂದು ಜಿಮೇಲ್, ಇನ್ನೊಂದು ನಮ್ಮದೇ ಡೊಮೈನಿನದು. ಬ್ರೌಸರ್‌ನಲ್ಲಿ ಎರಡೂ ತೆರೆಯುತ್ತವೆ. ಮೇಲ್ ಆ್ಯಪ್‌ನಲ್ಲಿ ಹಾಕಿದರೆ ಮಾತ್ರ ಹೆಸರು ಅಥವಾ ಪಾಸ್‌ವರ್ಡ್ ತಪ್ಪು ಅನ್ನುತ್ತದೆ. ಹಳೇ ಫೋನ್ ಮನೆಯಲ್ಲೇ ಇದೆ, ಮಗ ಅದರಲ್ಲಿ ಆಟ ಆಡುತ್ತಾನೆ. ಯಾರಿಗಾದರೂ ಹೀಗಾಗಿತ್ತಾ?

ಪೋರ್ಟ್993:
ಆ್ಯಪ್ ಪಾಸ್‌ವರ್ಡ್ ಮಾಡಿಕೊಳ್ಳಿ, ಅಂದರೆ ಒಂದೊಂದು ಆ್ಯಪ್‌ಗೆ ಅಂತ ಗೂಗಲ್ ಕೊಡುವ ಬೇರೆಯದೇ ಪಾಸ್‌ವರ್ಡ್, ಮುಗೀತು. ಬರೀ ಪಾಸ್‌ವರ್ಡ್ ಕೊಟ್ಟು ಹೊರಗಿನ ಆ್ಯಪ್‌ಗಳು ಒಳಗೆ ಬರುವುದನ್ನು ಗೂಗಲ್ ವೈಯಕ್ತಿಕ ಖಾತೆಗಳಿಗೆ 2022ರ ಮೇ 30ರಿಂದ ನಿಲ್ಲಿಸಿತು. ನಾನು ಅವತ್ತಿನಿಂದ ಹೀಗೇ ನಡೆಸುತ್ತಿದ್ದೇನೆ. ಎರಡು ಹಂತದ ಪರಿಶೀಲನೆ ಆನ್ ಮಾಡಿದೆ. ಅದಿಲ್ಲದೆ ಆ ಆಯ್ಕೆಯೇ ಸಿಗುವುದಿಲ್ಲ. ಫೋನಿಗೊಂದು, ಟ್ಯಾಬ್‌ಗೊಂದು, ಲ್ಯಾಪ್‌ಟಾಪ್‌ಗೊಂದು, ಸ್ಕ್ಯಾನ್ ಮಾಡಿ ಮೇಲ್ ಕಳಿಸುವ ಪ್ರಿಂಟರಿಗೊಂದು, ಬೇರೆ ಬೇರೆ 16 ಅಕ್ಷರ. ಟ್ಯಾಬ್ ಕಳೆದುಹೋದಾಗ ಅದರದ್ದನ್ನು ಮಾತ್ರ ರದ್ದು ಮಾಡಿದೆ, ಉಳಿದವಕ್ಕೆ ಏನೂ ಆಗಲಿಲ್ಲ.

ಕಷ್ಟ ಬಂದಿದ್ದು ಆಮೇಲೆ. ಯಾರೋ ಖಾತೆಗೆ ಕೈಹಾಕಿದ ಹಾಗೆ ಕಂಡು ಮುಖ್ಯ ಪಾಸ್‌ವರ್ಡ್ ಬದಲಾಯಿಸಿದೆ. ಎಲ್ಲ ಆ್ಯಪ್ ಪಾಸ್‌ವರ್ಡ್‌ಗಳೂ ಒಟ್ಟಿಗೆ ಸತ್ತವು. ಪ್ರಿಂಟರ್ ಸುಮ್ಮನೆ ಕಳಿಸಿದ ಹಾಗೆ ನಟಿಸುತ್ತಿತ್ತು, ಒಂದು ಸ್ಕ್ಯಾನೂ ತಲುಪುತ್ತಿರಲಿಲ್ಲ. ಅದರ ಪುಟಾಣಿ ಪರದೆಯಲ್ಲಿ ಬಾಣದ ಗುಂಡಿ ಒತ್ತಿ ಒತ್ತಿ 16 ಅಕ್ಷರ ತುಂಬುವಷ್ಟರಲ್ಲಿ ಬೆರಳು ನೋವು. ಆದರೂ ಇದೇ ಸರಿ ದಾರಿ.

ನೇರದಾರಿ:
ಗುರು, ಇದನ್ನು ಸರಿ ದಾರಿ ಅಂತೀರಲ್ಲ! ಓಆತ್ ಇರುವ ಆ್ಯಪ್ ಹಾಕಿಕೊಂಡರೆ ಗೂಗಲ್‌ನದ್ದೇ ಪುಟ ತೆರೆಯುತ್ತದೆ, ಅಲ್ಲಿ ಒಪ್ಪಿಗೆ ಕೊಟ್ಟರೆ ಮುಗಿಯಿತು. ಪಾಸ್‌ವರ್ಡ್ ಆ್ಯಪ್‌ನ ಕೈಗೇ ಸಿಗುವುದಿಲ್ಲ. ನಮ್ಮ ಅಪ್ಪನದು ಔಟ್‌ಲುಕ್ ಡಾಟ್ ಕಾಮ್ ಖಾತೆ. 2024ರ ಸೆಪ್ಟೆಂಬರ್ 16ಕ್ಕೆ ಅಲ್ಲೂ ಬರೀ ಪಾಸ್‌ವರ್ಡ್ ಲಾಗಿನ್ ನಿಂತಿತು. ಅಪ್ಪನ ಟ್ಯಾಬ್‌ನಲ್ಲಿದ್ದ ಆ್ಯಪ್ ಓಬೀರಾಯನ ಕಾಲದ್ದು, ಗಳಿಗೆಗೊಮ್ಮೆ ಪಾಸ್‌ವರ್ಡ್ ಕೇಳೋದು. ಅಪ್ಪ ಪಾಪ, ಕೇಳಿದಾಗಲೆಲ್ಲ ಹಾಕುತ್ತಿದ್ದರು.

ಖಾತೆ ತೆಗೆದು ಮತ್ತೆ ಸೇರಿಸಿ ಅಂತ ಇಂಥದ್ದೇ ಒಂದು ಚರ್ಚೆಯಲ್ಲಿ ಯಾರೋ ಪುಣ್ಯಾತ್ಮರು ಬರೆದಿದ್ದರು. ತೆಗೆದೆವು. ಕಳಿಸದೆ ಉಳಿದಿದ್ದ ಕರಡುಗಳು ಟ್ಯಾಬ್‌ನಲ್ಲಿ ಮಾತ್ರ ಇದ್ದವು, ಸರ್ವರ್‌ಗೆ ಹೋಗಿರಲಿಲ್ಲ. ಎಲ್ಲ ಹೋಯಿತು. ಅಪ್ಪ ಈಗಲೂ ಆ ಮಾತು ಎತ್ತುತ್ತಾರೆ.

ಮೌನಿ:
ಫೋನಿನ ದಿನಾಂಕ, ಸಮಯ ಸರಿ ಇದೆಯಾ? ತಪ್ಪಿದ್ದರೆ ಸರ್ವರ್‌ನ ಗುರುತುಪತ್ರವಾದ ಸರ್ಟಿಫಿಕೇಟನ್ನು ಫೋನ್ ಒಪ್ಪುವುದಿಲ್ಲ. ಎರಡು ಹಂತದ ಪರಿಶೀಲನೆಗೆ 30 ಸೆಕೆಂಡಿಗೊಮ್ಮೆ ಬದಲಾಗುವ ಕೋಡ್ ಕೂಡ ತಪ್ಪೇ ಬರುತ್ತದೆ.

ಒಂಟಿಕೋಟೆ:
ನೇರದಾರಿಯವರೇ, ಓಆತ್ ಅಂದ ಕೂಡಲೇ ಕಣ್ಣು ಮುಚ್ಚಿ ಒಪ್ಪಿಗೆ ಕೊಡಬೇಡಿ. ಕೆಲವು ಆ್ಯಪ್‌ಗಳು ನಿಮ್ಮ ಮೇಲನ್ನು ಮೊದಲು ತಮ್ಮ ಸರ್ವರ್‌ಗೆ ಎಳೆದುಕೊಂಡು ಆಮೇಲೆ ನಿಮಗೆ ತೋರಿಸುತ್ತವೆ. ನಾನು ಅಂಥದ್ದೊಂದು ಹಾಕಿದ್ದೆ. ನಾನು ಕಾಲೇ ಇಡದ ದೇಶದಿಂದ ಲಾಗಿನ್ ಆಗಿದೆ ಅಂತ ಎಚ್ಚರಿಕೆ ಬಂತು. ರಾತ್ರಿಯೆಲ್ಲ ಕೂತು ಬ್ಯಾಂಕಿನಿಂದ ಹಿಡಿದು ಎಲ್ಲ ಪಾಸ್‌ವರ್ಡ್ ಬದಲಾಯಿಸಿದೆ. ನೋಡಿದರೆ ಅದು ಆ ಆ್ಯಪ್‌ನ ಸರ್ವರ್! ಈಗ ಆಂಡ್ರಾಯ್ಡ್ ಥಂಡರ್‌ಬರ್ಡ್ ಬಳಸುತ್ತೇನೆ, ಫೋನೇ ನೇರವಾಗಿ ಮೇಲ್ ತರುತ್ತದೆ.

ನೇರದಾರಿ:
ಅದು ಆ ಆ್ಯಪ್‌ನ ಬುದ್ಧಿ, ಓಆತ್ ತಪ್ಪಲ್ಲ. ಥಂಡರ್‌ಬರ್ಡ್ ಕೂಡ ಜಿಮೇಲ್‌ಗೆ ಓಆತ್ ಅನ್ನೇ ಬಳಸುವುದು. ನೋಡಿಕೊಂಡು ಮಾತಾಡಿ.

ಒಂಟಿಕೋಟೆ:
ಕಣ್ಣು ಮುಚ್ಚಿ ಅಂದಿದ್ದೆ ಸಾರ್. ಮೊದಲು ಪೂರ್ತಿ ಓದಿ.

ಸ್ವಂತಡೊಮೈನ್:
ಎಲ್ಲರೂ ಗೂಗಲ್ ಹಿಂದೆಯೇ ಬಿದ್ದಿದ್ದೀರಿ. ಇನ್ನೊಂದು ಖಾತೆ ಸ್ವಂತ ಡೊಮೈನಿನದು ಅಂದಿದ್ದಾರಲ್ವಾ? ನನ್ನದೂ ಅದೇ. ಮೊದಲ ತಕರಾರು ಬಳಕೆದಾರರ ಹೆಸರಿನದು. ಪೂರ್ತಿ ವಿಳಾಸ ಹಾಕಬೇಕಿತ್ತು, ಆ್ಯಪ್ ತಾನೇ @ ಗಿಂತ ಮುಂಚಿನ ಭಾಗ ಮಾತ್ರ ತುಂಬಿತ್ತು. ಎರಡನೆಯದು ಸರ್ಟಿಫಿಕೇಟ್. ಅದು ಹೋಸ್ಟಿಂಗ್ ಕಂಪನಿಯ ಸರ್ವರ್ ಹೆಸರಿನಲ್ಲಿತ್ತು, ನಾನು ನನ್ನ ಡೊಮೈನ್ ಹೆಸರು ಕೊಟ್ಟಿದ್ದೆ. ಹೊಂದಲಿಲ್ಲ.

ಇದನ್ನೆಲ್ಲ ಸರಿಮಾಡುವಷ್ಟರಲ್ಲಿ ಆ್ಯಪ್ ಹಿಂದಿನಿಂದ ಬಾಗಿಲು ಬಡಿದೂ ಬಡಿದೂ ಸರ್ವರ್ ನನ್ನ ಐಪಿಯನ್ನೇ, ಅಂದರೆ ನನ್ನ ವೈಫೈನ ಇಂಟರ್ನೆಟ್ ವಿಳಾಸವನ್ನೇ, ತಡೆದುಬಿಟ್ಟಿತು! ಆಮೇಲೆ ಸರಿಯಾದ ಪಾಸ್‌ವರ್ಡ್ ಹಾಕಿದರೂ ಸಂಪರ್ಕ ಸಿಗುತ್ತಿರಲಿಲ್ಲ. ಸಹಾಯವಾಣಿಯವರು ಫೋನ್ ರೀಸ್ಟಾರ್ಟ್ ಮಾಡಿ ಅಂದರು. ಮಾಡಿದೆ. ಆ್ಯಪ್ ತೆಗೆದುಹಾಕಿ ಅಂದರು. ತೆಗೆದೆ. ಕೊನೆಗೆ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿದರೆ ಥಟ್ಟನೆ ಬಂತು. ಬ್ಲಾಕ್ ತೆಗೆಸಲು ಮತ್ತೆ ಅವರನ್ನೇ ಗೋಗರೆಯಬೇಕಾಯಿತು. ಅಷ್ಟರಲ್ಲಿ ಒಂದು ಒಳ್ಳೆ ಕೆಲಸ ಕೈತಪ್ಪಿತು. ಗ್ರಾಹಕರ ಮೇಲ್‌ಗೆ ಉತ್ತರವೇ ಹೋಗಿರಲಿಲ್ಲ, ಹೊರಹೋಗುವ ಸರ್ವರ್‌ಗೆ ಬೇರೆಯಾಗಿ ಲಾಗಿನ್ ಕೊಡಬೇಕಿತ್ತು. ಈಗ ಪೋರ್ಟ್ (ಸರ್ವರ್‌ನ ಬಾಗಿಲ ಸಂಖ್ಯೆ) ಒಳಬರುವುದಕ್ಕೆ 993, ಹೊರಹೋಗುವುದಕ್ಕೆ 465.

ಪೋರ್ಟ್993:
465 ಯಾವ ಕಾಲದ್ದು ಸ್ವಾಮಿ! 587 ಹಾಕಿ, ಸಂಪರ್ಕ ಸಿಕ್ಕ ಮೇಲೆ ಗೂಢಲಿಪಿ ಶುರುಮಾಡುವ ಸ್ಟಾರ್ಟ್‌ಟಿಎಲ್ಎಸ್ ಆರಿಸಿ.

ಸ್ವಂತಡೊಮೈನ್:
2018ರ ಇಂಟರ್ನೆಟ್ ಮಾನದಂಡದ ದಾಖಲೆ ಆರ್‌ಎಫ್‌ಸಿ 8314 ಓದಿ ಆಮೇಲೆ ಬನ್ನಿ. ಮೊದಲ ಕ್ಷಣದಿಂದಲೇ ಗೂಢಲಿಪಿ ಇರುವ 465 ಒಳ್ಳೇದು ಅಂತ ಅದರಲ್ಲೇ ಇದೆ.

ಪಾಪ್‌ಪೆಟ್ಟು:
ನೀವು ಪೋರ್ಟ್ ಜಗಳ ಆಡುತ್ತಿರಿ. ನನ್ನ ಮೇಲ್‌ಗಳೇ ಇಲ್ಲ. ಗೊತ್ತಿದ್ದವರು ಅನ್ನಿಸಿಕೊಂಡ ಒಬ್ಬರು ಐಮ್ಯಾಪ್ (ಮೇಲ್ ಸರ್ವರ್‌ನಲ್ಲೇ ಇಟ್ಟು ನೋಡುವ ವಿಧಾನ) ಲಾಗಿನ್ ಆಗಲಿಲ್ಲ ಅಂತ ಪಾಪ್ (ಫೋನಿಗೆ ಇಳಿಸಿಕೊಳ್ಳುವ ವಿಧಾನ) ಹಾಕಿಕೊಟ್ಟರು. ಪೋರ್ಟ್ 995. ಚೆನ್ನಾಗೇ ಬಂತು. ಇಳಿಸಿಕೊಂಡ ಮೇಲೆ ಸರ್ವರ್‌ನಿಂದ ಅಳಿಸು ಅನ್ನುವ ಆಯ್ಕೆ ಆನ್ ಇತ್ತು. ಆಮೇಲೆ ಫೋನ್ ನೀರಿಗೆ ಬಿತ್ತು. ಬಿಲ್, ಒಪ್ಪಂದ, ಮಗಳ ಪ್ರವೇಶಪತ್ರ, ಒಂದೂ ಉಳಿಯಲಿಲ್ಲ. ಆ ಮನುಷ್ಯ ಈಗಲೂ ಎದುರು ಸಿಕ್ಕರೆ ಮೇಲ್ ಬರ್ತಿದೆಯಾ ಅಂತ ಕೇಳುತ್ತಾರೆ.

ಹೊಸಫೋನ್_ತಲೆನೋವು:
ಜಿಮೇಲ್‌ಗೆ ಗೂಗಲ್ ಪುಟ ತೆರೆಯಿತು, ಬಂತು. ಡೊಮೈನ್ ಖಾತೆ ಮೊಬೈಲ್ ಡೇಟಾದಲ್ಲಿ ಬರುತ್ತದೆ, ವೈಫೈನಲ್ಲಿ ಬರುವುದಿಲ್ಲ. ಬೆಳಿಗ್ಗೆ ಅವರು ಬ್ಲಾಕ್ ತೆಗೆದರು, ಸಂಜೆಗೆ ಮತ್ತೆ ಬ್ಲಾಕ್ ಆಯಿತು.

ಮೌನಿ:
ಮಗನ ಕೈಲಿರುವ ಫೋನ್ ಅದೇ ವೈಫೈನಿಂದ ಇನ್ನೂ ಹಳೇ ಪಾಸ್‌ವರ್ಡ್ ಹಾಕುತ್ತಿರಬೇಕು, ಅದಕ್ಕೇ ಬ್ಲಾಕ್. ಮೊದಲು ಅದರಲ್ಲಿ ಖಾತೆ ತೆಗೆಯಿರಿ.

ಪೋರ್ಟ್993:
8314 ಓದಿದೆ. ಎರಡೂ ಇರಲಿ ಅಂತಲೇ ಇದೆ ಅದರಲ್ಲಿ. 587 ಬಿಡಿ ಅಂತ ಎಲ್ಲಿ ಬರೆದಿದ್ದಾರೆ, ತೋರಿಸಿ.

ಸ್ವಂತಡೊಮೈನ್:
ಬಿಡಿ ಅಂತ ನಾನು ಯಾವಾಗ ಹೇಳಿದೆ?